ಹಿರೇಕೊಡಿಗೆಯ ಸೌಂದರ್ಯಾ ಚೆಂಡು ಕೊಟ್ಟ ಬಗೆ

ಸೋಲಿಗೆ ಹೆದರುವವರನ್ನು ಹೇಗೋ ಕ್ಷಮಿಸಬಹುದು. ನಾಲ್ಕು ಜನ ನಕ್ಕಾರು ಎಂದು ಹೆದರಿ, ಬರುವ ಕೆಲಸವನ್ನೂ ಬಿಟ್ಟು ಕೈಕಟ್ಟಿ ಕೂರುತ್ತೇವಲ್ಲ, ನಮ್ಮಂಥವರಿಗೆ ಏನು ಹೇಳೋಣ? ಹಿರೇಕೊಡಿಗೆಯ ರಂಗಪ್ಪನ ಮಗಳು ಸೌಂದರ್ಯಾ ಈ ಪೈಕಿಯವಳಲ್ಲ. ಹುಟ್ಟುವಾಗಲೇ ಅಂಥ ಗಟ್ಟಿಗಿತ್ತಿಯಾಗಿದ್ದಳು ಎಂದರೆ ಮಾತ್ರ ಸುಳ್ಳಾದೀತು.

ಎರಡು ಸಾವಿರದ ನಾಲ್ಕರಲ್ಲಿ ಅವಳು ಒಂಬತ್ತನೇ ಕ್ಲಾಸು. ಕೊಪ್ಪದಲ್ಲಿ ತಾಲೂಕು ಮಟ್ಟದ ಬ್ಯಾಸ್ಕೆಟ್‌ಬಾಲ್ ಫೈನಲ್. ಇವರ ತಂಡ ಒಂದೇ ಒಂದು ಅಂಕ ಹಿಂದಿತ್ತು. ಆಟ ಮುಗಿಯುವ ಹೊತ್ತಿಗೆ ಎದುರಾಳಿ ಹುಡುಗಿ ಸೌಂದರ್ಯಾಳ ಕೈಗೆ ಬಡಿದಳು, ರೆಫ್ರಿ ಎರಡು ಫ್ರೀ ಥ್ರೋ ಕೊಟ್ಟರು. ಯಾರೂ ಅಡ್ಡ ಬರುವಂತಿಲ್ಲ. ಗೆರೆಯ ಹಿಂದೆ ಒಬ್ಬಳೇ ನಿಂತು ರಿಂಗಿಗೆ ಚೆಂಡು ಹಾಕುವುದು. ಎರಡೂ ಹೋಗಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಒಬ್ಬರೂ ಬೈಯಲಿಲ್ಲ. ಒಂದೇ ಬೆಂಚಿನ ಗೆಳತಿ, ತಂಡದ ಕ್ಯಾಪ್ಟನ್ ಗಗನಾ ಊರು ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ಆ ಮೌನ ಸೌಂದರ್ಯಾಳಿಗೆ ಅನ್ನ ಸೇರದ ಹಾಗೆ ಮಾಡಿತು. ಹತ್ತನೇ ಕ್ಲಾಸು ಮುಗಿಯುವುದರೊಳಗೆ ಆ ಗೆರೆಯ ಹಿಂದೆ ಮತ್ತೊಮ್ಮೆ ನಿಂತು ಕಳೆದದ್ದನ್ನು ತೀರಿಸಿಕೊಡಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಪಿ.ಟಿ. ಮೇಷ್ಟ್ರು ಮರುಳಸಿದ್ದಪ್ಪನವರು ಕಡೂರು ಕಡೆಯವರು. ಕಲಿಸುವುದರಲ್ಲಿ ಎತ್ತಿದ ಕೈ. ಮೊಣಕೈ ಚೆಂಡಿನ ಕೆಳಗಿರಲಿ, ಕಣ್ಣು ರಿಂಗಿನ ಮೇಲಿರಲಿ, ಬಿಟ್ಟ ಮೇಲೆ ಮಣಿಕಟ್ಟು ಬಾಗಲಿ ಎಂದು ಹೇಳಿ ಹೇಳಿ ಅವರ ಗಂಟಲು ಒಣಗಿತು. ಓಡುತ್ತಾ ಹಾಕುವಾಗ ಎಲ್ಲವೂ ಸರಿಯಾಗುತ್ತಿತ್ತು. ಒಬ್ಬಳೇ ನಿಂತಳೆಂದರೆ ಮುಗಿಯಿತು, ಭುಜ ಬಿಗಿದುಕೊಂಡು ಚೆಂಡು ರಿಂಗಿನ ಮೂತಿಗೇ ಬಡಿಯುತ್ತಿತ್ತು.

ಬೇಸಿಗೆ ರಜೆ ಬಂತು. ಮಳೆಗೆ ಮುಂಚೆ ಮನೆಯ ಹಂಚು ಕೈಯಾಡಿಸುವ ಕೆಲಸ. ಒಡೆದದ್ದು ತೆಗೆದು ಹೊಸದು ಹೊದಿಸಬೇಕು. ಅಪ್ಪ ಮಾಡಿನ ಮೇಲೆ, ಸೌಂದರ್ಯಾ ಅಂಗಳದಲ್ಲಿ. ಕೆಳಗಿನವರು ಎರಡೂ ಕೈಯಲ್ಲಿ ಹಂಚು ಹಿಡಿದು, ಮಂಡಿ ಬಗ್ಗಿಸಿ, ಕೆಳಗಿನಿಂದ ಮೇಲಕ್ಕೆ ಹಾರಿಸಬೇಕು. ಮೇಲೆ ಹೋದ ಹಂಚು ಇನ್ನೇನು ಕೆಳಗಿಳಿಯಬೇಕು ಎನ್ನುವ ಗಳಿಗೆಯಲ್ಲಿ ಮೇಲಿನವರ ಅಂಗೈಗೆ ಸಿಗಬೇಕು. ಚಿಕ್ಕಂದಿನಿಂದ ಮಾಡಿದ ಕೆಲಸವೇ. ಆದರೆ ತಲೆಯಲ್ಲಿ ಫೈನಲ್ ಕೂತಿತ್ತಲ್ಲ, ಅವತ್ತು ಹುಡುಗಿ ಮೇಷ್ಟ್ರು ಹೇಳಿದಂತೆ ಹಂಚನ್ನು ಹಣೆಯ ಹತ್ತಿರ ಎತ್ತಿ, ಮೊಣಕೈ ಮಡಚಿ, ಒಂದೇ ಕೈಯಲ್ಲಿ ಬಿಟ್ಟಳು. ಅದು ಮಾಡಿನ ಮರದ ಪಕ್ಕಾಸಿಗೆ ಬಡಿದು ಚೂರಾಯಿತು.

“ಎಂತ ಆಟ ಇದು? ಹಂಚು ಕೊಡ್ತಿದ್ಯಾ, ಕಾಗೆ ಹೊಡಿತಿದ್ಯಾ?” ಎಂದ ಅಪ್ಪ.

“ಮೇಷ್ಟ್ರು ಹೀಗೇ ಹೇಳ್ಕೊಟ್ಟಿದ್ದು ಅಪ್ಪಯ್ಯ.”

“ನಿನ್ನ ಮೇಷ್ಟ್ರು ನಮ್ಮನೆ ಮಾಡು ಹತ್ತಿದ್ರಾ? ಎಸೀಬೇಡ ಮಗಾ, ಕೊಡು. ನಾನಿಲ್ಲಿ ಇದೀನಲ್ಲ, ತಗೊಳ್ತೀನಿ.”

ಅವಳು ಮತ್ತೆ ಎರಡೂ ಕೈಯಲ್ಲಿ ಕೆಳಗಿನಿಂದ ಹಾರಿಸತೊಡಗಿದಳು. ಆಮೇಲೆ ಒಂದು ಹಂಚೂ ಒಡೆಯಲಿಲ್ಲ. ಕೆಲಸ ಮಾಡುತ್ತಿದ್ದ ಹಾಗೇ ಅವಳಿಗೊಂದು ವಿಷಯ ಗೊತ್ತಾಯಿತು: ಭುಜ ಹಗುರವಾಗಿತ್ತು. ಸಂಜೆ, ರಜೆಗೆಂದು ಶಾಲೆಯಿಂದ ತಂದಿಟ್ಟುಕೊಂಡಿದ್ದ ಚೆಂಡು ಹಿಡಿದು, ಹಲಸಿನ ಮರಕ್ಕೆ ಕಟ್ಟಿದ್ದ ತಳ ಕಿತ್ತ ಬುಟ್ಟಿಯ ಮುಂದೆ ನಿಂತು, ಎರಡೂ ಕೈಯಲ್ಲಿ ಮಂಡಿಯ ಹತ್ತಿರದಿಂದ ಹಾರಿಸಿದಳು. ಚೆಂಡು ಎತ್ತರಕ್ಕೆ ಹೋಗಿ ಮೆತ್ತಗೆ ಬುಟ್ಟಿಯೊಳಗೆ ಇಳಿಯಿತು.

ಶಾಲೆ ಶುರುವಾದ ಮೇಲೆ ಇದನ್ನು ಕಂಡ ಗಗನಾ, “ಎಂತ ಮಾರಾಯ್ತಿ, ಗೊಬ್ಬರದ ಬುಟ್ಟಿ ಎತ್ತಿ ಹಾಕ್ತಿದ್ಯಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಷ್ಟ್ರ ಮುಖ ಹುಳ್ಳಗಾಯಿತು. “ಇದೇನಮ್ಮಾ, ಕೊಪ್ಪದೋರ ಮುಂದೆ ನನ್ನ ಮರ್ಯಾದೆ ತೆಗೀತೀಯಾ?” ಎಂದರು. ಆದರೆ ಮನುಷ್ಯ ಹಟಮಾರಿಯಾದರೂ ಪ್ರಾಮಾಣಿಕ. ಕೆಲವು ದಿನ ಸುಮ್ಮನೆ ನಿಂತು ನೋಡಿದರು. ಚೆಂಡು ಬೀಳುವುದೇನೋ ಬೀಳುತ್ತಿತ್ತು. ಕೊಪ್ಪಕ್ಕೆ ಹೋಗಿ ಹಳೆಯ ರೆಫ್ರಿಯೊಬ್ಬರನ್ನು ಕೇಳಿಕೊಂಡು ಬಂದರು.

“ಗೆರೆ ತುಳೀದೆ ಹೆಂಗೆ ಬೇಕಾದ್ರೂ ಹಾಕ್ಬಹುದಂತೆ. ಆದ್ರೆ ಜನ ನಗ್ತಾರೆ ಕಣಮ್ಮಾ.”

“ನಗ್ಲಿ ಸರ್. ಹೋದ್ವರ್ಷ ಯಾರೂ ನಗ್ಲಿಲ್ಲ. ಅದೇ ಕಷ್ಟ ಆಗಿದ್ದು.”

ಮಾರನೆಯ ದಿನದಿಂದ ಮೇಷ್ಟ್ರು ಅವಳ ಆ ಗೊಬ್ಬರದ ಬುಟ್ಟಿಯನ್ನೇ ತಿದ್ದತೊಡಗಿದರು. ಎರಡೂ ಕೈ ಒಟ್ಟಿಗೆ ಬಿಡಬೇಕು, ಒಂದು ಮುಂದಾದರೆ ಚೆಂಡು ಪಕ್ಕಕ್ಕೆ ಹೊರಳುತ್ತದೆ ಎಂದು ತೋರಿಸಿದರು. ತಾನು ನಂಬದ್ದನ್ನು ಅಷ್ಟು ಶ್ರದ್ಧೆಯಿಂದ ಕಲಿಸುವ ಮೇಷ್ಟ್ರು ಸಿಗುವುದೂ ಪುಣ್ಯವೇ.

ಮಳೆ ಬಿಟ್ಟು ಹೊಳವು ಕೊಟ್ಟ ದಿನ ಮತ್ತೆ ಅದೇ ಕೊಪ್ಪದ ಮೈದಾನ, ಮತ್ತೆ ಫೈನಲ್. ಎರಡೂ ಕಡೆ ಸಮ. ಕೊನೆಯ ಗಳಿಗೆಯಲ್ಲಿ ಸೌಂದರ್ಯಾಳನ್ನು ತಳ್ಳಿ ಬೀಳಿಸಿದರು. ಎರಡು ಫ್ರೀ ಥ್ರೋ. ಅವಳು ಗೆರೆಗೆ ಬಂದು, ಮಂಡಿ ಬಗ್ಗಿಸಿ, ಚೆಂಡನ್ನು ಎರಡೂ ಕೈಯಲ್ಲಿ ಕೆಳಕ್ಕೆ ತಂದಾಗ ಮೈದಾನದ ಸುತ್ತ ಕಿಸಿಕಿಸಿ ಶುರುವಾಯಿತು. ಚೆಂಡು ರಿಂಗಿನ ಅಂಚಿಗೆ ತಾಗಿ ಹೊರಗೆ ಬಿತ್ತು. ಆಗ ನೋಡಬೇಕಿತ್ತು ಆ ನಗುವನ್ನು. ನಕ್ಕವರಲ್ಲಿ ಒಬ್ಬನಾದರೂ ಆ ಗೆರೆಯ ಹಿಂದೆ ನಿಂತವನಲ್ಲ.

ಗಗನಾ ಹತ್ತಿರ ಬಂದು, “ಸಾಕು ಮಾರಾಯ್ತಿ, ಎಲ್ಲರ ಹಾಗೆ ಹಾಕೇ,” ಎಂದಳು. ಅವಳ ದನಿಯಲ್ಲಿ ಅಳುವಿತ್ತು. ಸೌಂದರ್ಯಾಳಿಗೂ ಕಣ್ಣು ತುಂಬಿಬಂತು. ಹಳೆಯ ರೀತಿಯಲ್ಲಿ ಹಾಕಿ ತಪ್ಪಿಸಿದರೆ ಯಾರೂ ನಗುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ರಿಂಗಿನ ಕಂಬದ ಹಿಂದೆ, ಅಂಗಿಯ ಕಾಲರಿಗೆ ಕೊಡೆ ಸಿಕ್ಕಿಸಿಕೊಂಡು ನಿಂತಿದ್ದ ಅಪ್ಪ ಕಂಡ. ಯಾವ ಆಟಕ್ಕೂ ಬಂದವನಲ್ಲ. ಕೊಪ್ಪದಲ್ಲಿ ಏನೋ ಕೆಲಸವಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಬಂದಿದ್ದ.

ಅವಳು ಮತ್ತೆ ಮಂಡಿ ಬಗ್ಗಿಸಿದಳು. ಮತ್ತೆ ನಕ್ಕರು. ಚೆಂಡು ಅವಳ ಎರಡೂ ಕೈ ಬಿಟ್ಟು ಎತ್ತರಕ್ಕೆ ಹೋಯಿತು, ಒಂದು ಗಳಿಗೆ ನಿಂತಂತಾಗಿ, ರಿಂಗಿಗೆ ಸೋಕದೆ ಬಲೆಯೊಳಗಿನಿಂದ ಇಳಿಯಿತು.

ಒಂದೇ ಒಂದು ಅಂಕದಿಂದ ಗೆದ್ದರು. ಗಗನಾ ಓಡಿ ಬಂದು ಅವಳನ್ನು ತಬ್ಬಿಕೊಂಡಳು. ಮೇಷ್ಟ್ರು ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ಅಳುತ್ತಿದ್ದರು. ಸೌಂದರ್ಯಾ ಮಾತ್ರ ಗೆಳತಿಯ ಹೆಗಲ ಮೇಲಿನಿಂದ ಕಂಬದ ಹಿಂದೆ ನೋಡುತ್ತಿದ್ದಳು. ಅಷ್ಟು ಜನರ ನಡುವೆ ಅಪ್ಪ ಎರಡೂ ಅಂಗೈ ಮೇಲೆ ಮಾಡಿ ಮುಂದಕ್ಕೆ ಚಾಚಿಕೊಂಡು, ಹಂಚು ತೆಗೆದುಕೊಳ್ಳುವವನ ಹಾಗೆ ಇನ್ನೂ ನಿಂತೇ ಇದ್ದ.