ಒಂದೇ ಸಲ ಕೂರಬಹುದಾದ ಕುರ್ಚಿ

ನನಗೆ ಗೊತ್ತಿತ್ತು, ಚಂದು. ಪೈಲಟ್ ಆಗಲು ಹೋದವರನ್ನು ಕೂರಿಸಿ ನೋಡುವ ಆ ಯಂತ್ರದ ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ ಎಂದು, ಅದರಲ್ಲಿ ಫೇಲಾದರೆ ಯಾವ ದಾರಿಯಿಂದ ಹೋದರೂ ವಾಯುಪಡೆಯ ವಿಮಾನ ಹಾರಿಸುವ ಅವಕಾಶ ಮತ್ತೆ ಸಿಗುವುದಿಲ್ಲ ಎಂದು, ನಿನ್ನನ್ನು ಅಲ್ಲಿಗೆ ಕಳಿಸಿದ ದಿನವೇ ನನಗೆ ಗೊತ್ತಿತ್ತು. ನಿನ್ನಣ್ಣ ತಿಳಿಯದೆ ತಪ್ಪು ಹೇಳಿದ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೀಯ. ತಿಳಿದೇ ಹೇಳಿದೆ.

ಹೇಗೆ ಗೊತ್ತಿತ್ತು ಅಂದರೆ — ನಾನೇ ಆ ಕುರ್ಚಿಯಲ್ಲಿ ಕೂತು ಫೇಲಾಗಿ ಬಂದಿದ್ದೆ. ನನ್ನ ಪಿಯುಸಿ ಮುಗಿದ ವರ್ಷ ನೀನಿನ್ನೂ ಹೈಸ್ಕೂಲು. ಅಪ್ಪ ಹೊಸ ಸೂಟ್‌ಕೇಸ್ ತಂದು, ಘಾಟಿಯ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ದೊಡ್ಡಬಳ್ಳಾಪುರದ ಸ್ಟೇಷನ್ನಿನಲ್ಲಿ ನನ್ನನ್ನು ರೈಲು ಹತ್ತಿಸಿದ್ದ. ಲಿಖಿತ ಪರೀಕ್ಷೆ ಪಾಸಾಗಿತ್ತು, ಸಂದರ್ಶನವೂ ಚೆನ್ನಾಗಿಯೇ ಆಯಿತು. ಕೊನೆಗೆ ಒಂದು ಪರದೆಯ ಮುಂದೆ ಕೂರಿಸಿದರು. ಕೈಗೊಂದು ಹಿಡಿಕೋಲು, ಕಾಲಡಿಗೆ ಪೆಡಲು. ಪರದೆಯ ಮೇಲೆ ಓಡಾಡುವ ಚುಕ್ಕೆಯನ್ನು ನಡುವೆ ತಂದು ನಿಲ್ಲಿಸಬೇಕು. ಕೈ ಹೇಳಿದ್ದನ್ನು ಕಾಲು ಕೇಳಲಿಲ್ಲ, ಕಾಲು ಹೇಳಿದ್ದನ್ನು ಕೈ ಕೇಳಲಿಲ್ಲ. ಹೊರಗೆ ಬಂದಾಗ ಅಲ್ಲಿದ್ದ ಅಧಿಕಾರಿ ಬಹಳ ಮರ್ಯಾದೆಯಿಂದಲೇ ಹೇಳಿದರು — ಬೇರೆ ವಿಭಾಗಗಳಿಗೆ ಪ್ರಯತ್ನ ಮಾಡು, ಹಾರುವುದನ್ನು ಮಾತ್ರ ಮರೆತುಬಿಡು, ಇದಕ್ಕೆ ಎರಡನೇ ಸಲ ಎಂಬುದಿಲ್ಲ.

ಊರಿಗೆ ಬಂದು ಇಳಿದರೆ ಅಪ್ಪ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದ. ಒಗೆದ ಬಿಳಿ ಶರ್ಟು, ಪಕ್ಕದಲ್ಲಿ ಬೀದಿಯ ಇಬ್ಬರು ಸ್ನೇಹಿತರು ಬೇರೆ. ಅವನ ಮುಖ ನೋಡಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಈ ಸಲ ಮಷಿನ್ ಟೆಸ್ಟ್ ಕೈಕೊಡ್ತಪ್ಪಾ. ಡಿಗ್ರಿ ಮುಗಿಸ್ಕೊಂಡು ಇನ್ನೊಂದ್ ದಾರೀಲಿ ಹೋಗ್ತೀನಿ."

ಇಂಥ ಸುಳ್ಳು ಎಷ್ಟು ದಿನ ಬಾಳುತ್ತದೆ ಎಂದುಕೊಂಡಿದ್ದೆನೋ! ನಾಲ್ಕು ದಿನ ಕಳೆದ ಮೇಲೆ ನಿಜ ಹೇಳೋಣ ಎಂದಿದ್ದೆ. ಅಷ್ಟರಲ್ಲಿ ಅಪ್ಪ ಟೀ ಅಂಗಡಿಯಲ್ಲಿ, ನೂಲಿನ ಅಂಗಡಿಯಲ್ಲಿ, ನೆಂಟರ ಮದುವೆಯಲ್ಲಿ ಎಲ್ಲರಿಗೂ ಸಾರಿಬಿಟ್ಟಿದ್ದ. "ನಮ್ ಮಂಜ ಡಿಗ್ರಿ ಆಗ್ಲಿ ಅಂತ ಕಾಯ್ತಾವ್ನೆ ಕಣ್ರಪ್ಪಾ. ಅದಾಗಿದ್ದೇ ಪೈಲಟ್ಟು." ನನಗೆ ಮನೆಯ ವಿದ್ಯುತ್ ಮಗ್ಗದ ಕೆಲಸದಿಂದ ಪೂರ್ತಿ ರಜೆ ಸಿಕ್ಕಿತು. "ಲೇ, ನೀನ್ ಮಗ್ಗದ್ ತಾವ ಬರ್ಬೇಡ, ಓದ್ಕೊ" ಎಂದು ಮಹಡಿಯ ಕೋಣೆ ಬಿಟ್ಟುಕೊಟ್ಟ. ನಾನು ಪುಸ್ತಕ ತೆರೆದಿಟ್ಟುಕೊಂಡು ಮೊಬೈಲ್ ನೋಡುತ್ತಿದ್ದೆ. ಕೆಳಗೆ ಶೆಡ್ಡಿನಲ್ಲಿ ನನ್ನ ಜಾಗಕ್ಕೆ ನೀನು ಬಂದೆ — ಮೊದಲು ಸ್ಕೂಲಿನಿಂದ, ಆಮೇಲೆ ಕಾಲೇಜಿನಿಂದ ಬಂದವಳು ಬ್ಯಾಗು ಮೂಲೆಗಿಟ್ಟು ಜಡೆ ಎತ್ತಿ ಕಟ್ಟಿಕೊಂಡು ಮಗ್ಗದ ಮುಂದೆ ನಿಲ್ಲುತ್ತಿದ್ದೆ. ಆ ಗಲಾಟೆಯಲ್ಲೇ ನಿಂತು ಫಿಸಿಕ್ಸ್ ಬಾಯಿಪಾಠ ಮಾಡುತ್ತಿದ್ದೆ.

ಹುಡುಗಿಯರೂ ಪಿಯುಸಿ ಆದ ಕೂಡಲೇ ವಾಯುಪಡೆಗೆ ಹೋಗಬಹುದು ಎಂದು ಆಗಿದ್ದು ನಿನ್ನ ಕಾಲಕ್ಕೆ. ನೀನು ಲಿಖಿತ ಪರೀಕ್ಷೆ ಬರೆದೆ, ಪಾಸಾದೆ. ಅಮ್ಮ ಬೀದಿಗೆಲ್ಲ ಮೈಸೂರ್ ಪಾಕ್ ಹಂಚಿದಳು. ನನಗೆ ಹೊಟ್ಟೆಕಿಚ್ಚಾಯಿತೇ? ಆಯಿತು. ಅದನ್ನೂ ಮುಚ್ಚಿಡುವುದಿಲ್ಲ. ಆದರೆ ನಾನು ಮಾಡಿದ್ದು ಹೊಟ್ಟೆಕಿಚ್ಚಿನಿಂದ ಎಂದು ಹೇಳಿದರೆ ಅದೂ ಪೂರ್ತಿ ನಿಜವಾಗುವುದಿಲ್ಲ...

ನೀನು ಸಂದರ್ಶನಕ್ಕೆ ಹೊರಡುವ ವಾರವೇ ಮಗ್ಗದ ಲಾಳಿ ಹಾರಿತು. ನೂಲು ಹೊತ್ತುಕೊಂಡು ಅತ್ತಿಂದಿತ್ತ ಓಡುವ ಲಾಳಿ ಹಳಿ ತಪ್ಪಿದರೆ ಗುಂಡಿನ ಹಾಗೆ ಬರುತ್ತದೆ. ಅದು ನಿನ್ನ ಬಲಗೈ ಮಣಿಕಟ್ಟಿಗೆ ಬಡಿಯಿತು. ನಾನು ನಿಂತಿರಬೇಕಾದ ಜಾಗದಲ್ಲಿ ನಿಂತಿದ್ದೆ ನೀನು. ಮೂಳೆ ಮುರಿದಿಲ್ಲ, ಕೈಗೆ ಕೆಲಸ ಕೊಡಬೇಡಿ ಎಂದರು ಡಾಕ್ಟರು. ಸಂಜೆ ಊದಿದ ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಕೋಣೆಗೆ ಬಂದೆ.

"ಅಣ್ಣಾ, ಈ ಸಲ ಬಿಟ್ಬಿಟ್ಟು ನಿನ್ ಥರ ಡಿಗ್ರಿ ಆದ್ಮೇಲೆ ಹೋಗ್ಲಾ? ಆ ಮಷಿನ್ ಟೆಸ್ಟಲ್ಲಿ ಒಂದ್ಸಲ ಫೇಲಾದೋರು ಮತ್ತೆ ಬರಂಗಿಲ್ಲ ಅಂತಾರಲ್ಲ, ಅದೇನು?"

ನೀನು ಕೇಳಿದೆ, ಚಂದು. ನೆಟ್ಟಗೆ ನನ್ನನ್ನೇ ಕೇಳಿದೆ. ಹೌದು, ಒಂದೇ ಸಲ, ಕೈ ವಾಸಿಯಾಗುವ ತನಕ ಆ ಕುರ್ಚಿಯ ಹತ್ತಿರ ಸುಳಿಯಬೇಡ, ಡಿಗ್ರಿ ಮುಗಿಸಿ ಹೋಗು — ಇಷ್ಟು ಹೇಳಿದ್ದರೆ ಮುಗಿದಿತ್ತು. ಆದರೆ ಅದರ ಹಿಂದೆಯೇ ಬರುವ ನಿನ್ನ ಮಾತು ನನಗೆ ಮೊದಲೇ ಕೇಳಿಸಿತು: ಹಂಗಾದ್ರೆ ನೀನು? ನೀನ್ ಹೆಂಗ್ ಮತ್ತೆ ಹೋಗ್ತೀಯ?

"ಅದು ಈ ದಾರಿಗ್ ಮಾತ್ರ ಕಣೇ" ಎಂದೆ. "ಡಿಗ್ರಿ ದಾರೀಲಿ ಹೋದ್ರೆ ಎಲ್ಲಾ ಹೊಸದಾಗಿ ಶುರು. ಸುಮ್ನೆ ಹೋಗಿ ಒಂದ್ಸಲ ನೋಡ್ಕೊಂಡ್ ಬಾ."

ನಮ್ಮ ಕಡೆ ಈ ಮಾತಿಗೆ ಯಾರೂ ಎದುರು ಹೇಳುವುದಿಲ್ಲ. ಡ್ರೈವಿಂಗ್ ಲೈಸೆನ್ಸಿರಲಿ, ಬ್ಯಾಂಕಿನ ಪರೀಕ್ಷೆಯಿರಲಿ, ಮೊದಲನೇ ಸಲ ಹೋಗುವುದು ನೋಡಿಕೊಂಡು ಬರುವುದಕ್ಕೇ. ನೀನೂ ನಂಬಿದೆ. ಕೈಗೆ ಬಟ್ಟೆ ಬಿಗಿದುಕೊಂಡು ಹೊರಟೆ. ನಿನ್ನ ಸೂಟ್‌ಕೇಸ್ ರೈಲಿಗೆ ಏರಿಸಿಕೊಟ್ಟವನೂ ನಾನೇ — ಅದೇ ಸೂಟ್‌ಕೇಸ್.

ನೀನು ವಾಪಸ್ ಬಂದ ದಿನ ಬೈಕಿನಲ್ಲಿ ಕರೆತರಲು ನಾನು ಸ್ಟೇಷನ್ನಿಗೆ ಬಂದೆ. ನೀನು ಹಿಂದೆ ಕೂತೆ. ಆಮೇಲೆ ಹೇಳಿದೆ, "ಅಣ್ಣಾ, ಅದು ಒಂದೇ ಸಲವಂತೆ. ಯಾವ್ ದಾರೀಲಿ ಹೋದ್ರೂ." ನಾನು ಬೈಕ್ ನಿಲ್ಲಿಸಲಿಲ್ಲ. ತಿರುಗಿಯೂ ನೋಡಲಿಲ್ಲ. ಬೈಯುತ್ತೀಯ ಎಂದು ಕಾಯುತ್ತಿದ್ದೆ. ಬೈದಿದ್ದರೆ ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನೀನು ನೋಯುವ ಕೈಯನ್ನು ನನ್ನ ಬೆನ್ನ ಮೇಲಿಟ್ಟೆ. "ನಿಂಗೂ ಯಾರೂ ಹೇಳಿಲ್ಲ ಅಲ್ವಾ? ಪಾಪ, ಇಷ್ಟ್ ವರ್ಷ ಸುಮ್ಸುಮ್ನೆ ಓದ್ತಾ ಕೂತ್ಬಿಟ್ಟಲ್ಲೋ."

ಮನೆಯಲ್ಲಿ ಅಪ್ಪನಿಗೆ ಹೇಳುವ ಕೆಲಸವನ್ನೂ ನೀನೇ ಮಾಡಿದೆ. "ಅಣ್ಣಂಗೂ ಇನ್ನಾಗಲ್ವಂತೆ. ಅವನ್ನ ಬೈಬೇಡಪ್ಪಾ, ಅವನಿಗೂ ಗೊತ್ತಿರ್ಲಿಲ್ಲ." ಅಪ್ಪ ಎದ್ದು ಶೆಡ್ಡಿಗೆ ಹೋಗಿ ಮಗ್ಗ ಹಾಕಿದ. ನನ್ನ ಸುಳ್ಳು ಹಾಗೆ ಬಯಲಾಗದೆ ಮುಗಿಯಿತು. ನೀನು ಕಳೆದುಕೊಂಡಿದ್ದರಿಂದ ನಾನು ಬಚಾವಾದೆ. ಆ ರಾತ್ರಿ ನನಗೆ ಸಮಾಧಾನದ ನಿದ್ದೆ ಬಂದಿತ್ತು ಎಂಬುದು ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕೈ ಸರಿಯಿದ್ದಿದ್ದರೆ ನೀನು ಪಾಸಾಗುತ್ತಿದ್ದೆಯಾ? ಗೊತ್ತಿಲ್ಲ. ನನ್ನ ಹಾಗೆ ಫೇಲೇ ಆಗುತ್ತಿದ್ದೆಯೋ ಏನೋ. ಆದರೆ ಅದನ್ನು ತಿಳಿದುಕೊಳ್ಳುವ ಹಕ್ಕು ನಿನ್ನದಾಗಿತ್ತು, ಒಂದೇ ಒಂದು ಸಲದ್ದು — ಅದನ್ನು ಊದಿದ ಕೈಯಲ್ಲಿ ಖರ್ಚು ಮಾಡಿಸಿದೆ.

ಈ ವರ್ಷ ನಿನ್ನ ಡಿಗ್ರಿ ಮುಗಿಯಿತು. ಇನ್ನೊಂದು ದಾರಿಯಲ್ಲಿ ನೀನು ಹೊರಡಬೇಕಾಗಿದ್ದ ವರ್ಷ ಇದು. ಈಗ ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ಕೌಂಟರ್ ಹಿಂದೆ ಕೂತು ಬೇರೆಯವರ ಬ್ಯಾಗು ತೂಗುತ್ತೀಯ. ಯಲಹಂಕದ ಕಡೆಯಿಂದ ವಾಯುಪಡೆಯ ವಿಮಾನ ಬಂದರೆ ಮೊದಲೆಲ್ಲ ಅಂಗಳಕ್ಕೆ ಓಡುತ್ತಿದ್ದವಳು ಈಗ ತಲೆ ಎತ್ತುವುದಿಲ್ಲ. ನಾನು ಮಗ್ಗ ನಡೆಸುತ್ತಿದ್ದೇನೆ, ನೀನು ನಿಂತಿದ್ದ ಜಾಗದಲ್ಲೇ.

ಕಳೆದ ಭಾನುವಾರ ನಿನ್ನ ಪಿಯು ಕಾಲೇಜಿನ ಹುಡುಗಿಯರಿಬ್ಬರು ಮನೆಗೆ ಬಂದಿದ್ದರು, ವಾಯುಪಡೆಗೆ ಯಾವ ದಾರಿಯಲ್ಲಿ ಹೋಗಬೇಕು ಎಂದು ಕೇಳಿಕೊಂಡು. ನೂಲು ಕಡಿದು ಮಗ್ಗ ನಿಂತಿತ್ತು, ನಿನ್ನ ಮಾತು ಸ್ಪಷ್ಟವಾಗಿ ಕೇಳಿಸಿತು. "ಆ ಮಷಿನ್ ಟೆಸ್ಟು ಒಂದೇ ಸಲ ಕಣ್ರೇ. ಮೈ ಕೈ ಸರಿ ಇಲ್ಲ ಅಂದ್ರೆ ಹೋಗ್ಲೇಬೇಡಿ, ಡಿಗ್ರಿ ದಾರಿ ಇದ್ದೇ ಇರುತ್ತೆ. ನಂಗದು ಗೊತ್ತಿರ್ಲಿಲ್ಲ. ಪಾಪ, ನಮ್ಮಣ್ಣಂಗೂ ಗೊತ್ತಿರ್ಲಿಲ್ಲ."

ಕಡಿದ ಎಳೆ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದೆ. ನೀನು ಎಷ್ಟು ಜನರ ಮುಂದೆ ನನ್ನನ್ನು ಹೀಗೆ ಕಾಪಾಡಿದ್ದೀಯೋ.

ಇವತ್ತು ನೀನು ಡ್ಯೂಟಿ ಮುಗಿಸಿ ಬಂದ ಮೇಲೆ ಅಪ್ಪ ಅಮ್ಮನ ಎದುರಿಗೇ ಇದನ್ನೆಲ್ಲ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಆಮೇಲೆ ನನ್ನ ಜೊತೆ ಮಾತು ಬಿಟ್ಟರೂ ಸರಿ. ಹುಡುಗಿಯರು ಮುಂದೆಯೂ ನಿನ್ನ ಹತ್ತಿರ ಬರುತ್ತಾರೆ, ಬರಲಿ. ಅವರಿಗೆ ಎಲ್ಲವನ್ನೂ ಈಗ ಹೇಳುವ ಹಾಗೇ ಹೇಳು. ಕೊನೆಯ ಮಾತೊಂದನ್ನು ಮಾತ್ರ ಬದಲಾಯಿಸು, ಚಂದು. ನಮ್ಮಣ್ಣನಿಗೆ ಗೊತ್ತಿತ್ತು, ಅನ್ನು.