ಗೊತ್ತಿದ್ದೂ ನಿಂತವರು

ನಾನು ಆಳಂದದವಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಇಂಗ್ಲಿಷ್. ಅಫಜಲಪುರದ ಡಿಗ್ರಿ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಕಲಿಸುತ್ತೇನೆ ಅನ್ನುವುದಕ್ಕಿಂತ ಒದರುತ್ತೇನೆ ಎಂದರೆ ಸರಿ. ನನ್ನ ದನಿ ಗೇಟಿನಾಚೆಯ ಚಹಾದ ಅಂಗಡಿಯವರೆಗೂ ಹೋಗುತ್ತದೆ. ಆ ಅಂಗಡಿಯವನಿಗೆ ಇಷ್ಟೊತ್ತಿಗೆ ಅರ್ಧ ಡಿಗ್ರಿಯಾದರೂ ಸಿಗಬೇಕಿತ್ತು ಎಂದು ಹುಡುಗರು ಚೇಷ್ಟೆ ಮಾಡುತ್ತಾರೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನಗೆ ಎದುರಾಡಿ ಗೆದ್ದವರು ಕಡಿಮೆ. ಗೆದ್ದ ಒಬ್ಬಳ ಬಗ್ಗೆ ಬರೆಯಲು ಕೂತಿದ್ದೇನೆ.

ನಮ್ಮ ಕೊನೆಯ ವರ್ಷದ ಪಾಠದಲ್ಲಿ ಹಳೆಯ ಕಾಲದ ದುರಂತ ನಾಟಕವೊಂದಿದೆ. ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಹಗೆ ಸಾಧಿಸುವ ಎರಡು ಮನೆತನ. ಒಂದು ಮನೆಯ ಹುಡುಗ, ಇನ್ನೊಂದು ಮನೆಯ ಹುಡುಗಿ, ಇಬ್ಬರಿಗೂ ಪ್ರೀತಿ. ಊರಿನ ಗುರುವೊಬ್ಬ ಗುಟ್ಟಾಗಿ ಮದುವೆ ಮಾಡಿಸುತ್ತಾನೆ. ಮನೆಯವರು ಹುಡುಗಿಗೆ ಬೇರೆ ಸಂಬಂಧ ಗೊತ್ತು ಮಾಡಿದಾಗ ಅದೇ ಗುರು ಒಂದು ಮದ್ದು ಕೊಡುತ್ತಾನೆ; ಕುಡಿದರೆ ಸತ್ತವಳಂತೆ ಮಲಗಿ, ಎರಡು ದಿನಕ್ಕೆ ಎದ್ದು ಕೂರುತ್ತಾಳೆ. ಇದನ್ನು ಹುಡುಗನಿಗೆ ತಿಳಿಸುವ ಕಾಗದ ತಲುಪುವುದಿಲ್ಲ. ಅವನು ಬಂದು, ಸತ್ತಳೆಂದೇ ತಿಳಿದು ಪ್ರಾಣ ಬಿಡುತ್ತಾನೆ. ಎದ್ದವಳು ಅವನನ್ನು ನೋಡಿ ತಾನೂ ಹೋಗುತ್ತಾಳೆ.

ಪಾಠ ಮುಗಿದ ಮೇಲೆ ಪ್ರತಿವರ್ಷ ನನ್ನದು ಒಂದೇ ಪ್ರಶ್ನೆ: ತಪ್ಪು ಯಾರದು? ಹುಡುಗರು ಅಪ್ಪಂದಿರದು ಅನ್ನುತ್ತಾರೆ. ಹುಡುಗಿಯರು ಕಾಗದ ಒಯ್ದವನದು ಅನ್ನುತ್ತಾರೆ. ಹಿಂದಿನ ಬೆಂಚಿನಿಂದ ಯಾವನೋ ಹಣೆಬರಹ ಎಂದು ಗೊಣಗುತ್ತಾನೆ. ಗುರುವಿನ ಮೇಲೆ ಬೆರಳು ತೋರಿಸುವವರು ಅಪರೂಪ, ತೋರಿಸಿದರೆ ನಾನು ಬಿಡುತ್ತಿರಲಿಲ್ಲ. ಅವನ ಪರವಾದ ದೊಡ್ಡ ವಕೀಲಳು ನಾನೇ. ಇಡೀ ನಾಟಕದಲ್ಲಿ ಮಕ್ಕಳಿಗೆ ಸಹಾಯ ಮಾಡಿದ ದೊಡ್ಡ ಮನುಷ್ಯ ಅವನೊಬ್ಬನೇ ಎಂದು ವಾದಿಸುತ್ತಿದ್ದೆ.

ಹೋದ ವರ್ಷ ಆ ಕ್ಲಾಸಿನಲ್ಲಿ ಅತನೂರಿನ ಹುಡುಗಿಯೊಬ್ಬಳಿದ್ದಳು. ಇಪ್ಪತ್ತೊಂದು ವರ್ಷ, ಮಿತಭಾಷಿ, ಅಕ್ಷರ ಮುತ್ತಿನಂತೆ. ಅಫಜಲಪುರದಲ್ಲಿ ಗೆಳತಿಯರ ಜೊತೆ ಬಾಡಿಗೆ ಖೋಲಿ ಮಾಡಿಕೊಂಡಿದ್ದಳು. ನಮ್ಮ ಕಡೆ ಓದುವ ಮಕ್ಕಳಿಗೆ ಊರಿನಿಂದ ಬುತ್ತಿ ಬಸ್ಸಿನಲ್ಲಿ ಬರುತ್ತದೆ. ಇವಳದೂ ಮುಂಜಾನೆ ಬಸ್ಸಿಗೆ ಬಂದು ಚಹಾದ ಅಂಗಡಿಯಲ್ಲಿ ಇಳಿಯುತ್ತಿತ್ತು. ಒಮ್ಮೆ ಜ್ವರ ಬಂದ ಹುಡುಗಿಯನ್ನು ನಾನು ದವಾಖಾನೆಗೆ ಕರೆದೊಯ್ದೆ. ಮರುದಿನದಿಂದ ಆ ಬುತ್ತಿಯಲ್ಲಿ ಬೇರೆ ಅರಿವೆ ಸುತ್ತಿದ ಎರಡು ಜೋಳದ ರೊಟ್ಟಿ, ಒಂದು ಹಿಡಿ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ನನಗೆಂದು ಬರತೊಡಗಿದವು. ಬೇಡವೆಂದು ಹೇಳಿ ಕಳಿಸಿದೆ. ಮೂರು ರೊಟ್ಟಿ ಬಂದವು! ಅಂಥ ಹೆಂಗಸು ಅವಳ ತಾಯಿ.

ಹುಡುಗಿ ಪ್ರೀತಿಸಿದ ಹುಡುಗ ಜೇವರ್ಗಿಯವನು, ಮೋಟರ್ ವೈಂಡಿಂಗ್ ಕೆಲಸ. ಕಾಲೇಜಿನ ಬೋರ್‌ವೆಲ್ ಮೋಟರ್ ಸುಟ್ಟಾಗ ರಿಪೇರಿಗೆ ಬಂದಿದ್ದ. ಆ ವರ್ಷ ಮೋಟರ್ ಮೂರು ಸಲ ಸುಟ್ಟಿತು. ಮೂರನೆಯ ಸಲದ ಬಗ್ಗೆ ನನಗೆ ಈಗಲೂ ಸಂಶಯವಿದೆ. ಬೇರೆ ಜಾತಿ. ಅಷ್ಟು ಹೇಳಿದರೆ ಸಾಕು, ಮುಂದಿನದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿಯ ಬಳಿ ಮೊಬೈಲ್ ಇರಲಿಲ್ಲ. ಅಳುತ್ತ ಬಂದು ನನ್ನ ಮುಂದೆ ನಿಂತಳು, ನಾನು ಕರಗಿದೆ. ಏಳು ತಿಂಗಳು ಅವನ ಸಂದೇಶಗಳು ನನ್ನ ಮೊಬೈಲಿಗೆ ಬಂದವು, ಅವಳ ಉತ್ತರಗಳು ನನ್ನ ಮೊಬೈಲಿನಿಂದ ಹೋದವು. ಕೊನೆಗೆ ಒಂದು ಸೋಮವಾರ ಘತ್ತರಗಿಯ ಗುಡಿಯಲ್ಲಿ ಗುಟ್ಟಾಗಿ ಮದುವೆ ಎಂದು ನಿಶ್ಚಯವಾಯಿತು. ಸಾಕ್ಷಿಗೆ ದೊಡ್ಡವಳೆಂದು ನಾನು. ಸುಳ್ಳೇಕೆ ಹೇಳಲಿ, ಆಗ ನನಗೆ ನನ್ನ ಮೇಲೆ ಭಾರಿ ಅಭಿಮಾನವಿತ್ತು. ಎಷ್ಟು ಜನ ಲೆಕ್ಚರರುಗಳಿಗೆ ಇಷ್ಟು ಧೈರ್ಯವಿದೆ ಎಂದು ಬೀಗುತ್ತಿದ್ದೆ.

ಆ ಸೋಮವಾರದ ಹಿಂದಿನ ಶುಕ್ರವಾರ ಬುತ್ತಿ ಬಸ್ಸಿನಲ್ಲಿ ಬರಲಿಲ್ಲ, ತಾಯಿಯೇ ತಂದಳು. ಬ್ಯಾಂಕಿನಲ್ಲಿ ಏನೋ ಕೆಲಸವಿತ್ತಂತೆ. ಕ್ಲಾಸು ನಡೆಯುತ್ತಿತ್ತು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಬಾಗಿಲ ಹೊಸ್ತಿಲ ಪಕ್ಕ ಸೆರಗು ಸರಿಮಾಡಿಕೊಂಡು ಕುಳಿತಳು. ನಾನು ಅದೇ ನಾಟಕದಲ್ಲಿದ್ದೆ. ಹುಡುಗಿ ಸತ್ತಳೆಂದು ಅವಳ ತಾಯಿ ಅಳುವ ಭಾಗ. ಅದನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ, ಹಾಡಿಕೊಂಡು ಅಳುವ ನಮ್ಮ ಕಡೆಯ ಹೆಂಗಸರ ಧಾಟಿಯಲ್ಲಿ. ಹೊಸ್ತಿಲಲ್ಲಿದ್ದವಳು ಕಣ್ಣೊರೆಸಿಕೊಂಡಳು. ಇಡೀ ಕಥೆಯನ್ನು ಮತ್ತೊಮ್ಮೆ ಕನ್ನಡದಲ್ಲಿ ಹೇಳಿ ಮುಗಿಸಿ ನನ್ನ ಪ್ರಶ್ನೆ ಕೇಳಿದೆ. ಅಪ್ಪಂದಿರು, ಕಾಗದ, ಹಣೆಬರಹ, ಎಲ್ಲ ಬಂದು ಹೋದವು.

"ಮೇಡಂ, ನಾ ಒಂದ್ ಮಾತ ಕೇಳ್ಲೇನ್ರಿ?" ಹೊಸ್ತಿಲಿನಿಂದ ದನಿ ಬಂತು. "ತಾಯಿ ಅಳುವಾಗ ಆ ಗುರು ಎಲ್ಲಿದ್ದನ್ರಿ?"

"ಅಲ್ಲೇ ಇದ್ದ. ಸಮಾಧಾನ ಹೇಳ್ತಿದ್ದ."

"ಹುಡುಗಿ ಜೀವಂತ ಅದಾಳ ಅಂತ ಗೊತ್ತಿದ್ದೂ?"

"ಹೌದು."

"ಹಡದಾಕಿ ಎದಿ ಎದಿ ಬಡ್ಕೊಂಡ ಅಳೂದ ನೋಡ್ಕೋತ ನಿಂತಿದ್ನ? ಅಯ್ಯ ಶಿವನ! ಹಂಗಿದ್ರ ಬ್ಯಾರೇದವರ್ನ ಯಾಕ ಹುಡುಕಾಕತ್ತೀರಿ? ಅಪ್ಪಗ ಗೊತ್ತಿರ್ಲಿಲ್ಲ, ಅವ್ವಗ ಗೊತ್ತಿರ್ಲಿಲ್ಲ. ಗೊತ್ತಿದ್ದಾವ ಒಬ್ಬ. ಅವ ಬಾಯಿ ಬಿಟ್ಟಿದ್ರ ಇಬ್ರೂ ಬದುಕ್ತಿದ್ರು."

ನಾನು ವಕೀಲಿಕೆ ಶುರು ಮಾಡಿದೆ. "ಅವ ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ಮಾಡಿದನ್ರಿ."

"ಛಲೋ ಮಾಡಾವ ಕಳ್ಳರಂಗ ಯಾಕ ಮಾಡ್ಬೇಕ್ರಿ? ಹೇಳಿದ್ರ ತನಗ ಬೈತಾರ ಅಂತ ಅಂಜಿದ ಅವ. ಮಕ್ಕಳ ಜೀವಕ್ಕ ಅಂಜಲಿಲ್ಲ."

ಕ್ಲಾಸಿನಲ್ಲಿ ಚಪ್ಪಾಳೆ ಬಿತ್ತು. ಅವಳ ಮಗಳು ಮಾತ್ರ ತಲೆ ತಗ್ಗಿಸಿ ಕುಳಿತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಪಾಡೂ ಅದೇ. ಇಪ್ಪತ್ತು ವರ್ಷ ಆ ಅಳುವನ್ನು ಅಭಿನಯಿಸಿದ್ದೇನೆ, ಆ ಕೋಣೆಯಲ್ಲಿ ಗುರು ನಿಂತಿದ್ದಾನೆ ಎಂಬುದು ಒಮ್ಮೆಯೂ ತಟ್ಟಿರಲಿಲ್ಲ. ಸಹಿ ಮಾಡಲು ಬಾರದ ಈ ಹೆಂಗಸಿಗೆ ಮೊದಲ ಸಲ ಕೇಳಿದಾಗಲೇ ಕಂಡಿತು. ಹೋಗುವಾಗ ಬುತ್ತಿ ಕೈಗಿಟ್ಟು, "ನಿಮ್ಮ ಭರೋಸಾದ ಮ್ಯಾಲ ಬಿಟ್ಟೇನ್ರಿ ಮಗಳ್ನ," ಎಂದಳು. ಆ ದಿನದ ರೊಟ್ಟಿಯ ಗಂಟು ನಾನು ಬಿಚ್ಚಲೇ ಇಲ್ಲ.

ಶನಿವಾರ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದೆ. "ನಿಮ್ಮ ಅವ್ವಗ ಹೇಳಬೇಕು ಬೇ. ನೀನಾರ ಹೇಳು, ಇಲ್ಲಾ ನಾ ಹೇಳ್ತೇನಿ."

"ನಿಮ್ಮನ್ನ ನಂಬಿದ್ದೆನ್ರಿ ಮೇಡಂ," ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇವಳು ಏನಾದರೂ ಮಾಡಿಕೊಂಡರೆ ಎಂಬ ಹೆದರಿಕೆಯಲ್ಲಿ ಅವಳನ್ನು ಒಬ್ಬಳೇ ಬಿಡದೆ ನನ್ನ ಮನೆಯಲ್ಲೇ ಇರಿಸಿಕೊಂಡೆ. ಭಾನುವಾರ ಇಬ್ಬರೂ ಅತನೂರಿನ ಬಸ್ಸು ಹತ್ತಿದೆವು. ಅವಳು ನನ್ನ ಪಕ್ಕ ಕೂರಲಿಲ್ಲ.

ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗಂಡ ಹೊಲಕ್ಕೆ ಹೋಗಿದ್ದ. ನಾನು ನಿಂತಲ್ಲೇ ಎಲ್ಲ ಹೇಳಿದೆ: ಹುಡುಗ, ಮೊಬೈಲ್, ಘತ್ತರಗಿ, ನಾಳೆ. ಅವಳು ತವೆಯ ಮೇಲಿನ ರೊಟ್ಟಿ ತೆಗೆದಿಟ್ಟಳು. ಕಟ್ಟಿಗೆ ಹಿಂದಕ್ಕೆಳೆದು ನೀರು ಚಿಮುಕಿಸಿ ಆರಿಸಿದಳು. ಕೈ ತೊಳೆದುಕೊಂಡು ನನ್ನೆದುರು ಬಂದು ನಿಂತಳು.

"ಎಷ್ಟ ದಿನಾತ್ರಿ ನಿಮಗ ಗೊತ್ತಾಗಿ?"

"ಏಳು ತಿಂಗಳು."

"ಏಳು ತಿಂಗಳು ನನ್ನ ರೊಟ್ಟಿ ತಿಂದೀರಿ. ಒಂದ್ ಮಾತ ಹೇಳ್ಲಿಲ್ಲ."

ನಾಚಿಕೆಯಿಂದ ಸತ್ತುಹೋದೆ. ಅವಳು ಮಗಳ ಕಡೆ ತಿರುಗಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಗೋಡೆಗೊರಗಿ ಕುಳಿತು ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಂಡಳು.

"ನಾ ಯಾರಿಗಿ ಬೈಲಿ? ನಿನಗೊಬ್ಬಾಕಿ ಚಿಗವ್ವ ಅದಾಳ, ಗೊತ್ತೇನು?"

ಮಗಳಿಗೆ ಗೊತ್ತಿರಲಿಲ್ಲ. ತಾಯಿಗೊಬ್ಬ ತಂಗಿ ಇದ್ದಳು. ಇಪ್ಪತ್ತು ವರ್ಷದ ಹಿಂದೆ ಸರಸಂಬಾದ ಹುಡುಗನ ಜೊತೆ ಹೋಗಿಬಿಟ್ಟಳು. ಹೋಗುವ ಮುನ್ನ ಅಕ್ಕನಿಗೊಬ್ಬಳಿಗೇ ಹೇಳಿ ಹೋದಳು. ಮರುದಿನ ತವರಿನಲ್ಲಿ ಅಪ್ಪ ಹೇಳಿದನೆಂದು ಎಲ್ಲರೂ ತಲೆಯ ಮೇಲೆ ನೀರು ಹೊಯ್ದುಕೊಂಡರು. ನಮ್ಮ ಕಡೆ ಅದು ಸತ್ತವರಿಗಾಗಿ ಮಾಡುವ ಸ್ನಾನ. ಓಡಿಹೋದ ಮಗಳು ತಮ್ಮ ಪಾಲಿಗೆ ಸತ್ತಳು ಎಂದು ಜೀವಂತ ಇರುವಾಗಲೇ ಮಾಡಿಬಿಡುತ್ತಾರೆ. ಆಮೇಲೆ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿಲ್ಲ; ಇವಳ ಅಣ್ಣಂದಿರು ಅದಕ್ಕೆ ಆಣೆಯನ್ನೂ ಹಾಕಿಸಿದ್ದರು.

"ನಮ್ಮವ್ವ ನೀರ ಹೊಯ್ಕೊಂಡು ಬೋರ್ಯಾಡಿ ಅತ್ಲು. ಹಾಳ ಬಾವ್ಯಾಗ ಬಿದ್ಲೋ, ಯಾರ ಕೈಯಾಗ ಸಿಕ್ಲೋ ಅಂತ ಅತ್ಲು. ಎಲ್ಲಿ ಅದಾಳ, ಯಾರ ಕೂಡ ಅದಾಳ, ನನಗ ಗೊತ್ತಿತ್ತು. ನಾ ಬಾಜೂಕ ನಿಂತು ನೀರ ತಂಬಿಗಿ ತುಂಬಿ ತುಂಬಿ ಕೊಟ್ಟೆ." ಅವಳ ದನಿ ಒಡೆಯಿತು. "ನಾಲ್ಕು ವರ್ಷದ ಹಿಂದ ಅವ್ವನೂ ಹೋದ್ಲು. ಸಾಯೂ ತನಕ ಹೇಳ್ಲಿಲ್ಲ ನಾ. ನಿಮ್ಮ ಗುರೂನ ಬೈದ್ನೆಲ್ರಿ ಮೇಡಂ ಶುಕ್ರವಾರ, ನನಗ ನಾನ ಬೈಕೊಂಡೆ."

ಮಗಳು ತಾಯಿಯ ತೊಡೆಯಲ್ಲಿ ಮುಖ ಹುದುಗಿಸಿದಳು. ತಾಯಿ ಅವಳ ಬೆನ್ನ ಮೇಲೆ ಕೈಯಿಟ್ಟು ಹೇಳಿದಳು: "ನಾಳಿ ಘತ್ತರಗಿ ಇಲ್ಲ. ಲಗ್ನ ಆಗೂದಾದ್ರ ಹಾಡಹಗಲ ಆಗ್ಲಿ, ನಮ್ಮ ಅಂಗಳದಾಗ ಆಗ್ಲಿ." ಹುಡುಗನಿಗೆ ಕೂಡಲೇ ನನ್ನ ಮೊಬೈಲಿನಿಂದ ತಿಳಿಸಿದೆ, ರಾತ್ರಿ ಅಲ್ಲೇ ಉಳಿದೆ.

ಮದುವೆ ಆಯಿತು. ಕಾಯಿಸಿ ಹೇಳುವುದು ನನ್ನ ಜಾಯಮಾನವಲ್ಲ, ಈಗಲೇ ಹೇಳಿಬಿಡುತ್ತೇನೆ. ಅದಕ್ಕಾಗಿ ಮೂರು ತಿಂಗಳು ಆ ತಾಯಿ ಪಟ್ಟ ಪಾಡು ನಾನು ಕಣ್ಣಾರೆ ನೋಡಿದ್ದೇನೆ. ಗಂಡ ಎಂಟು ದಿನ ಮನೆಯಲ್ಲಿ ಉಣ್ಣಲಿಲ್ಲ. "ಮಗಳ ಹೆಸರಿಲೆ ನೀರ ಹೊಯ್ಕೊಳ್ಳೂದಾದ್ರ ಮೊದ್ಲ ನನ್ನ ಹೆಸರಿಲೆ ಹೊಯ್ಕೋರಿ," ಎಂದು ಅವನ ಮುಂದೆ ಕೊಡ ತಂದಿಟ್ಟಳಂತೆ. ಜೇವರ್ಗಿಗೆ ಒಬ್ಬಳೇ ಹೋಗಿ, ಹುಡುಗನ ಅಂಗಡಿಯ ಮುಂದೆ ಅರ್ಧ ದಿನ ಕುಳಿತು ಅವನು ಗಿರಾಕಿಗಳ ಜೊತೆ ಹೇಗೆ ಮಾತಾಡುತ್ತಾನೆ ನೋಡಿ ಬಂದಳು. "ಸಿಟ್ಟಿಲ್ಲ, ಚಟ ಇಲ್ಲ. ಚಹಾ ಮಾತ್ರ ಭಾಳ ಕುಡೀತಾನ," ಎಂದು ನನಗೆ ವರದಿ ಕೊಟ್ಟಳು. ಬಂಧುಗಳಲ್ಲಿ ಅರ್ಧ ಜನ ಮದುವೆಗೆ ಬರಲಿಲ್ಲ. ಬಂದವರಿಗೆ ಎರಡೆರಡು ಸಲ ಬಡಿಸಿದಳು. ಭಲೇ ಹೆಂಗಸು! ನಾನು ಓದಿದ ಯಾವ ನಾಟಕದಲ್ಲೂ ಇಂಥವಳು ಇಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಮದುವೆಯ ದಿನಕ್ಕಿಂತ ಆ ಸೋಮವಾರ. ಘತ್ತರಗಿಗೆ ಹೋಗಬೇಕಿದ್ದ ಹೊತ್ತಿನಲ್ಲಿ ಅವಳು ಮಗಳನ್ನು ಕರೆದುಕೊಂಡು ಸರಸಂಬಾಕ್ಕೆ ಹೊರಟಳು. "ನೀವೂ ಬರ್ರಿ ಮೇಡಂ. ನೋಡೂದು ನಿಮಗೂ ಅದ," ಎಂದಳು. ಎರಡು ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು. ನಾನು ಹತ್ತು ಮಾತಾಡಿದರೆ ಒಂದಕ್ಕೆ "ಹೂಂರಿ" ಎನ್ನುತ್ತಿದ್ದಳು.

ಕೇಳಿಕೊಂಡು ಹೋದ ಮನೆಯ ಅಂಗಳದಲ್ಲಿ ಹೆಂಗಸೊಬ್ಬಳು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ಆಮೇಲೆ ಹಿಂದೆ ನಿಂತಿದ್ದವಳನ್ನು ನೋಡಿದಳು. ಮೊರ ಜಾರಿ ತೊಗರಿ ಚೆಲ್ಲಿತು.

"ಅಕ್ಕಾ," ಎಂದಳು. ಎದ್ದು ನಾಲ್ಕು ಹೆಜ್ಜೆ ಬಂದು ನಿಂತಳು. "ಅಕ್ಕಾ, ಅವ್ವ ಹೆಂಗದಾಳ?"

ಯಾ ಅಲ್ಲಾ! ಇವಳಿಗೆ ಗೊತ್ತೇ ಇಲ್ಲ. ನಾಲ್ಕು ವರ್ಷದಿಂದ ಇವಳ ಪಾಲಿಗೆ ತಾಯಿ ಬದುಕೇ ಇದ್ದಾಳೆ. ನನ್ನ ವಕೀಲಿ ಬುದ್ಧಿ ಅಲ್ಲೂ ಸುಮ್ಮನಿರಲಿಲ್ಲ, ಅಕ್ಕನ ಪರವಾಗಿ ಹೇಳಬಹುದಾದ ನೆಪಗಳನ್ನೆಲ್ಲ ಹೊಂದಿಸತೊಡಗಿತು. ನೀರು ಹೊಯ್ದುಕೊಳ್ಳಲು ಹೇಳಿದವನು ಅಪ್ಪ. ಹೆಸರೆತ್ತಬಾರದು ಎಂದು ಆಣೆ ಹಾಕಿಸಿದವರು ಅಣ್ಣಂದಿರು. ಕಂಕುಳಲ್ಲಿ ಕೂಸು, ಗಂಡನ ಮನೆಯ ಅಂಜಿಕೆ, ಜನರ ಬಾಯಿ. ಯಾರ ಹೆಸರನ್ನು ಹೇಳಿದ್ದರೂ ಅದು ಸುಳ್ಳಾಗುತ್ತಿರಲಿಲ್ಲ.

"ಅವ್ವ ಹೋಗಿ ನಾಲ್ಕು ವರ್ಷ ಆತು ತಂಗಿ," ಎಂದಳು ಅವಳು. "ನೀ ಎಲ್ಲಿದ್ದಿ ಅಂತ ನನಗ ಗೊತ್ತಿತ್ತು. ಅವ್ವಗೂ ಹೇಳ್ಲಿಲ್ಲ, ನಿನಗೂ ಹೇಳಿ ಕಳಿಸ್ಲಿಲ್ಲ. ತಪ್ಪು ನಂದು."

ತಂಗಿ ಎರಡೂ ಮುಷ್ಟಿ ಕಟ್ಟಿ ಅಕ್ಕನ ಎದೆಗೆ ಗುದ್ದಿದಳು. ಮತ್ತೆ ಗುದ್ದಿದಳು. ಬಿಡಿಸಲು ಮುಂದೆ ಬಂದ ಮಗಳನ್ನು ತಾಯಿ ಕಣ್ಣಿನಲ್ಲೇ ತಡೆದಳು. ತಂಗಿಯ ಕೈ ಸೋಲುವವರೆಗೂ, ಒಂದು ಸಲವೂ ಅಡ್ಡ ಕೈ ತರದೆ, ಗುದ್ದಿಸಿಕೊಂಡಳು.