ಪಟ್ಟಿಯಲ್ಲಿಲ್ಲದ ಲಾರಿ

ಮೈಸೂರು ಮೈನ್ಸ್ ಚಿನ್ನದ ಗಣಿಯಲ್ಲಿ ಪಾಳಿ ಬದಲಾಗುವಾಗ ಕೂಗುತ್ತಿದ್ದ ಸಂಗು, ಅಂದರೆ ಸೈರನ್, ನಿಂತು ಇಪ್ಪತ್ತು ವರ್ಷ ಮೀರಿತು. ಆದರೂ ಮಧ್ಯಾಹ್ನ ಎರಡಾದರೆ ಇಂದ್ರಾಣಿಯ ಕಿವಿ ಅದಕ್ಕೇ ಕಾಯುತ್ತದೆ. ಆ ಹೊತ್ತಿಗೆ ಅವಳ ಅಪ್ಪ ವೆಂಕಟೇಶಪ್ಪ ಬಿಲ್ಲೆ ರೂಮಿನ ಕಿಟಕಿ ತೆರೆಯುತ್ತಿದ್ದರು. ಗಣಿಗೆ ಇಳಿಯುವವನು ತನ್ನ ಹಿತ್ತಾಳೆ ಬಿಲ್ಲೆ ಒಯ್ಯಬೇಕು, ಮೇಲೆ ಬಂದು ಹಿಂತಿರುಗಿಸಬೇಕು. ಬುತ್ತಿ ಕೊಡಲು ಹೋದ ಹುಡುಗಿ ಅಲ್ಲೇ ಕುಳಿತು, ಬೆವರು, ಬೀಡಿ, ಒದ್ದೆ ಕಲ್ಲಿನ ವಾಸನೆ ಹೊತ್ತು ಬರುವವರನ್ನು ನೋಡುತ್ತಿದ್ದಳು. ಒಮ್ಮೆ ಯಾರೋ ಉಪಕಾರವೆಂದು ಗೆಳೆಯನ ಬಿಲ್ಲೆಯನ್ನೂ ತಂದುಕೊಟ್ಟ. ಬಿಲ್ಲೆ ತೂಗುಹಾಕುವ ಮೊಳೆಗಳೆಲ್ಲ ತುಂಬಿದವು, ಎಲ್ಲರೂ ಮೇಲೆ ಬಂದರೆಂದೇ ಲೆಕ್ಕವಾಯಿತು. ಆ ಗೆಳೆಯ ಕಾಲು ಮುರಿದುಕೊಂಡು ಕೆಳಗೇ ಬಿದ್ದಿದ್ದ. ಅಂದಿನಿಂದ ವೆಂಕಟೇಶಪ್ಪ ಅವರವರ ಕೈಯಿಂದಲೇ ಬಿಲ್ಲೆ ತೆಗೆದುಕೊಳ್ಳತೊಡಗಿದರು. ಸಾಲು ಬೆಳೆದು ಜನ ಬೈದರೂ ಬಿಡಲಿಲ್ಲ.

ಐವತ್ತೆಂಟರ ಇಂದ್ರಾಣಿ ಈಗ ಬಂಗಾರಪೇಟೆಯ ಲಾರಿ ಸರ್ವಿಸ್ ಸೆಂಟರಿನಲ್ಲಿ ಫೋನು ನೋಡಿಕೊಳ್ಳುತ್ತಾಳೆ. ಕಳೆದ ತಿಂಗಳು ಕಂಪನಿಯಿಂದ ಪಟ್ಟಿ ಬಂತು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ ಪ್ರೊಪೆಲ್ಲರ್ ಶಾಫ್ಟುಗಳಲ್ಲಿ ಕೆಲವಕ್ಕೆ ಬೆಸುಗೆ ಸರಿಯಿಲ್ಲ. ಓಟದಲ್ಲಿ ಕಳಚಿದರೆ ಬ್ರೇಕಿನ ಪೈಪನ್ನೂ ಹರಿದುಹಾಕುತ್ತದೆ. ಹನ್ನೊಂದು ಲಾರಿಗಳನ್ನು ಕರೆಸಿ ಪುಕ್ಕಟೆ ಬದಲಿಸಿ ಎಂದಿತ್ತು.

ಹತ್ತು ಮುಗಿದವು. ಹನ್ನೊಂದನೆಯದು ಗಿರಿಯದು. ಮೆಕ್ಯಾನಿಕ್ ವೇಣು ಅಡಿಗೆ ನುಸುಳಿ ಕೂಗಿದ: "ಅಕ್ಕಾ, ಈ ಶಾಫ್ಟಿನ ನಂಬರೇ ಬೇರೆ!"

ಗಿರಿ ತಲೆ ಕೆರೆದುಕೊಂಡ. "ಓದ್ವರ್ಷ ಆಕ್ಸಿಡೆಂಟಾಗಿ ಲಾರಿ ನಿಂತಿತ್ತಲ್ಲಕ್ಕಾ, ಆಗ ಕಾಮಸಮುದ್ರದ ಅನುಮಪ್ಪ ಆ ಶಾಫ್ಟ್ ಬಿಚ್ಕೊಂಡೋಗಿ ಅವನ್ ಲಾರಿಗೆ ಆಕ್ಕೊಂಡ. ಇಟ್ಟಿಗೆ ಸಾಗಿಸ್ತಾನೆ."

"ಪಟ್ಟೀಲಿರೋ ಲಾರಿ ಬಂತಲ್ಲ ಮೇಡಂ, ಮುಗೀತು ಅಂತ ಬರೀರಿ" ಎಂದರು ಮ್ಯಾನೇಜರ್ ಕಾಂತರಾಜ್.

"ಲಾರಿ ಬಂತು ಸರ್. ಶಾಫ್ಟ್ ಬಂದಿಲ್ಲ."

ಇಂದ್ರಾಣಿ ಹನುಮಪ್ಪನಿಗೆ ಫೋನು ಮಾಡಿ ವಿಷಯ ಹೇಳಿದಳು.

"ನನ್ ಲಾರಿ ನಿಮ್ ಪಟ್ಟೀಲೈತಾ?"

"ಇಲ್ಲ."

"ಮತ್ಯಾಕಮ್ಮ? ಪುಕ್ಸಟ್ಟೆ ಅಂತ ಕರೀತೀರ, ಆಮೇಲೆ ನಟ್ಟಿಗೊಂದು ಬಿಲ್ ಆಕ್ತೀರ. ಲೋಡಾಗ್ತೈತೆ, ಕುಪ್ಪಂಗೆ ಓಗ್ಬೇಕು." ಫೋನು ಕಟ್ಟಾಯಿತು.

ಇಂದ್ರಾಣಿ ವೇಣುವಿನ ಬೈಕು ಹತ್ತಿದಳು. ದಾರಿಯುದ್ದಕ್ಕೂ ಬಿಲ್ಲೆ ರೂಮಿನ ಆ ಸಾಲೇ ನೆನಪು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಅಪ್ಪನನ್ನು ಬೈದವರೇ ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಗಣಿ ಮುಚ್ಚಿದ ಮೇಲೆ ಅವರಲ್ಲಿ ಯಾರು ಯಾವ ಊರು ಸೇರಿದರೋ, ಅವಳಿಗೆ ತಿಳಿಯದು.

ಇಟ್ಟಿಗೆ ಗೂಡಿನ ಮುಂದೆ ಲಾರಿ ತುಂಬಿ ನಿಂತಿತ್ತು. ಕ್ಯಾಬಿನ್ನಿನೊಳಗೆ ಹನುಮಪ್ಪನ ಹೆಂಡತಿ ಕೆಂಪಮ್ಮ ತವರಿಗೆಂದು ಹೊಸ ಸೀರೆಯುಟ್ಟು ಕುಳಿತಿದ್ದಳು.

"ಶಾಫ್ಟ್‌ನ ಬೈಕಿಗೆ ಕಟ್ಕೊಂಡ್ ಬಂದ್ರಾ ಅಮ್ಮ?" ಹನುಮಪ್ಪ ನಕ್ಕ.

ಇಂದ್ರಾಣಿ ಲಾರಿಗೆ ಅಡ್ಡ ನಿಂತಳು. "ಹತ್ತು ನಿಮಿಷ ಕೊಡು. ಏನೂ ಇಲ್ದಿದ್ರೆ ಬೈಕೊಂಡು ಹೋಗು."

"ಬಯ್ಯೋದು ಈಗ್ಲೇ ಶುರು ಮಾಡ್ತೀನಿ, ಟೈಮ್ ಉಳೀತೈತೆ."

ವೇಣು ಅಡಿಗೆ ಹೋಗಿ ಗ್ರೀಸು ಒರೆಸಿದ. ಪಟ್ಟಿಯಲ್ಲಿದ್ದ ನಂಬರೇ. ಬೆಸುಗೆಯ ಸುತ್ತ, ಅರ್ಧ ಸುತ್ತಿಗೂ ಹೆಚ್ಚು, ಕೂದಲೆಳೆಯಂಥ ಸೀಳು. ಅವನು ಹನುಮಪ್ಪನನ್ನೂ ಲಾರಿಯಡಿಗೆ ಕರೆದು ಟಾರ್ಚು ಹಿಡಿದ.

ಹೊರಗೆ ಬಂದ ಹನುಮಪ್ಪ ಇಂದ್ರಾಣಿಯ ಕಡೆ ನೋಡಲಿಲ್ಲ. ಲಾರಿಯ ಕೀ ತೆಗೆದು ಜೇಬಿಗಿಟ್ಟು, ಆಚೆ ಬದಿಯ ಬಾಗಿಲು ತೆಗೆದು, ಹೆಂಡತಿಗೆ ಕೈ ಚಾಚಿದ. "ಇಳಿಯಮ್ಮಿ."

"ಇದೇನಿದು ಅಬ್ಬ!" ಎಂದಳು ಕೆಂಪಮ್ಮ. "ಇಪ್ಪತ್ತೊರ್ಷದಲ್ಲಿ ಒಂದಿನಾನಾದ್ರೂ ಕೈ ಇಡ್ದು ಇಳಿಸಿದ್ಯಾ?"